ಖಾನಜ್ಜನ ಗುಮ್ಮಟದ ಬಾಕಿ ಕೆಲಸ

ನಮ್ಮ ಊರಿನಲ್ಲಿ ‘ಮುಗೀತು’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಬೇರೆ ಊರುಗಳಲ್ಲೂ ಬಳೆ ಒಡೆದರೆ ಬಳೆ ಹೆಚ್ಚಿತು ಎನ್ನುತ್ತಾರೆ, ಕುಂಕುಮ ತೀರಿದರೆ ಕುಂಕುಮ ಹೆಚ್ಚಿತು ಎನ್ನುತ್ತಾರೆ, ದೀಪ ಆರಿಸು ಎನ್ನಲು ಬಾಯಿ ಬಾರದೆ ದೀಪ ದೊಡ್ಡದು ಮಾಡು ಎನ್ನುತ್ತಾರೆ. ಆದರೆ ಅವರು ಅಷ್ಟಕ್ಕೇ ನಿಲ್ಲಿಸುತ್ತಾರೆ. ನಾವು ನಿಲ್ಲಿಸಲಿಲ್ಲ. ನಮ್ಮಲ್ಲಿ ಡಬ್ಬಿಯ ಸಕ್ಕರೆ ಹೆಚ್ಚುತ್ತದೆ, ಸಂತೆ ಹೆಚ್ಚುತ್ತದೆ, ಪರೀಕ್ಷೆ ಹೆಚ್ಚುತ್ತದೆ, ಗಂಡ ಹೆಂಡಿರ ಜಗಳ ಹೆಚ್ಚಿತು ಎಂದರೆ ತಣ್ಣಗಾಯಿತು ಎಂದೇ ಅರ್ಥ. ನೇಕಾರರು ಸೆರಗಿನಲ್ಲಿ ಒಂದು ಎಳೆ ನೇಯದೆ ಬಿಡುತ್ತಾರೆ. ಮನೆ ಕಟ್ಟಿದವರು ಹಿತ್ತಿಲ ಗೋಡೆಯಲ್ಲಿ ಒಂದು ಕಲ್ಲಿನ ಜಾಗ ಖಾಲಿ ಬಿಡುತ್ತಾರೆ, ಅಲ್ಲಿ ಗುಬ್ಬಿ ಸಂಸಾರ ಹೂಡುತ್ತದೆ. ಒಮ್ಮೆ ಹೊಸ ಬಸ್ ಕಂಡಕ್ಟರನೊಬ್ಬ “ಸೀಟು ಮುಗದಾವು, ಇಳೀರಿ” ಎಂದು ಕೂಗಿಬಿಟ್ಟ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಎದ್ದು ಅವನ ಬಾಯಿಗೆ ಬೆಲ್ಲ ತುರುಕಿದರು. ಈಗ ಅವನು ನಮ್ಮೂರಿನ ಅಳಿಯ.

ಇದೆಲ್ಲ ಖಾನಜ್ಜನ ಸಲುವಾಗಿ. ಆ ಮಾತನ್ನು ಬಾಯಿಬಿಟ್ಟು ಆಡುವ ಹಕ್ಕು ಇಡೀ ಊರಿನಲ್ಲಿ ನನಗೊಬ್ಬಳಿಗೇ ಇದೆ. ಅದು ಹೇಗೆ ಬಂತು ಎಂಬುದನ್ನೇ ಹೇಳಹೊರಟಿದ್ದೇನೆ. ನಾನು ಗೌಂಡಿ ಮೋನವ್ವ. ಕಲ್ಲು ಕೆತ್ತುವುದು, ಗಾರೆ ಅರೆಯುವುದು, ಗೋಡೆ ಏರಿಸುವುದು ನಮ್ಮ ಮನೆತನದ ಕಸುಬು. ಹೆಣ್ಣುಮಗಳು ಗೌಂಡಿಯೇ ಎಂದು ಮೂಗು ಮುರಿಯುವವರು ನಾನು ಕಟ್ಟಿದ ಗೋಡೆಗೆ ಒಮ್ಮೆ ತೂಗುಗುಂಡು ಹಿಡಿದು ನೋಡಲಿ, ಆಮೇಲೆ ಮಾತಾಡೋಣ.

ಖಾನಜ್ಜ ಎಂದರೆ ಸರದಾರ ಅಲಮಾಸ್ ಖಾನ. ಐದುನೂರು ವರ್ಷದ ಹಿಂದೆ ಯಾವನೋ ಸುಲ್ತಾನ ಅವನಿಗೆ ಈ ಸೀಮೆಯನ್ನು ಜಹಗೀರು ಕೊಟ್ಟ. ಆ ಕಾಲದ ಸರದಾರರು ಬದುಕಿರುವಾಗಲೇ ತಮ್ಮ ಗೋರಿ ತಾವೇ ಕಟ್ಟಿಸಿಕೊಳ್ಳುತ್ತಿದ್ದರು. ಸತ್ತ ಮೇಲೆ ಮಕ್ಕಳು ಕಟ್ಟಿಸುತ್ತಾರೆ ಎಂಬ ಭರವಸೆ ಯಾವ ಕಾಲದಲ್ಲೂ ಅಷ್ಟಕ್ಕಷ್ಟೇ. ಖಾನ ಊರ ಹೊರಗೆ ಎರೆಹೊಲ ಹಿಡಿದು ಸುತ್ತ ಗೋಡೆ ಹಾಕಿಸಿದ, ಬಾವಿ ತೋಡಿಸಿದ, ನಟ್ಟನಡುವೆ ಕಟ್ಟೆ ಎಬ್ಬಿಸಿದ. ಕಟ್ಟೆಯಿಂದ ನಾಲ್ಕು ದಿಕ್ಕಿಗೆ ನಾಲ್ಕು ಕಾಲುವೆ ಬಿಡಿಸಿ ತೋಟವನ್ನು ನಾಲ್ಕು ಮಡಿ ಮಾಡಿದ. ನಮ್ಮ ಮನೆತನದ ಮೊದಲ ಗೌಂಡಿ ಭರಮಪ್ಪ ಗುಮ್ಮಟ ಏರಿಸತೊಡಗಿದ. ಅದು ಮುಗಿದ ದಿನ ಖಾನನೂ ಮುಗಿಯುತ್ತಾನೆ, ಅಲ್ಲಿಯವರೆಗೆ ಸಾವಿಲ್ಲ ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಹೇಗೆ ಗೊತ್ತಾಯಿತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೇವು ಯಾಕೆ ಕಹಿ ಎಂದು ಕೇಳುತ್ತೇವೆಯೇ?

ಹಾಗೆಂದು ಕೆಲಸ ಪೂರ್ತಿ ನಿಲ್ಲಿಸಲು ಖಾನನಿಗೆ ಮನಸ್ಸಿರಲಿಲ್ಲ, ಗೋರಿ ಅರ್ಧಕ್ಕೆ ಬಿಟ್ಟ ಸರದಾರ ಎಂದು ನಾಲ್ಕು ಜನ ನಗಬಾರದಲ್ಲ. ವರ್ಷಕ್ಕೊಂದು ಕಲ್ಲು ಎಂದು ಗೊತ್ತುಮಾಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಕಲ್ಲನ್ನು ನಮ್ಮ ಮನೆಯವರೇ ಇಡಬೇಕು. ಬೇರೆ ಗೌಂಡಿ ಇಟ್ಟ ಕಲ್ಲು ಬೆಳಗಾಗುವುದರಲ್ಲಿ ಕೆಳಗೆ ಹುಲ್ಲಿನ ಮೇಲೆ ಕೂತಿರುತ್ತಿತ್ತು, ಒಂದು ಚೂರೂ ಮುಕ್ಕಾಗದೆ. ಹೀಗೆ ಹದಿಮೂರು ತಲೆಮಾರು ನಮ್ಮವರು ಕಟ್ಟಿದರು, ಅವನು ಬದುಕಿದ. ಖಾನ ಹೋಗಿ ಖಾನಜ್ಜನಾದ. ಸುಲ್ತಾನರು ಹೋದರು, ಅವರ ಹಿಂದೆ ಬಂದವರೂ ಹೋದರು, ಜಹಗೀರು ಹೋಯಿತು. ಗುಮ್ಮಟ, ತೋಟ, ಕೂರಲು ಮಲಗಲು ಒಂದು ಹೊರಸು, ಒಂದು ಹಿತ್ತಾಳೆ ತಂಬಿಗೆ ಉಳಿದವು. ರೊಟ್ಟಿ ಹಾಕಲು ಹಾಜ್ರಾ ಇದ್ದಳು. ಅವಳದು ತೋಟ ಕಾಯುವ ಮನೆತನ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು.

ಗುಮ್ಮಟದ ಮಾತು ಶುರುಮಾಡಿದರೆ ನಾನು ನಿಲ್ಲಿಸುವುದಿಲ್ಲ ಎಂದು ಹಾಜ್ರಾ ಬೈಯುತ್ತಾಳೆ. ಚೂರಾದರೂ ಹೇಳದಿದ್ದರೆ ಹೇಗೆ? ಆಳೆತ್ತರದ ಕಟ್ಟೆ. ಅದರ ಮೇಲೆ ನಾಲ್ಕೂ ಮೈ ಸಮನಾದ ಕಟ್ಟಡ, ಒಂದೊಂದು ಮೈಗೆ ಮೂರು ಕಮಾನು; ನಡುವಿನದು ಅಗಲ, ಆಚೀಚೆಯವು ಅದರ ತಂಗಿಯರ ಹಾಗೆ ಚಿಕ್ಕವು. ಕಮಾನುಗಳ ಮೇಲೆ ಬಿಸಿಲು ಮಳೆ ತಡೆಯಲು ಕಲ್ಲಿನ ಚಾಚು. ಆ ಚಾಚಿನ ಮೂಲೆಯಿಂದ ಒಂದೇ ಕಲ್ಲಿನಲ್ಲಿ ಕೊಂಡಿಗೆ ಕೊಂಡಿ ಬಿಡಿಸಿದ ಸರಪಳಿ ಜೋತಿದೆ, ಗಾಳಿ ಬಂದರೆ ಅಲ್ಲಾಡುತ್ತದೆ. ನಾಲ್ಕು ಮೂಲೆಗೆ ನಾಲ್ಕು ಮಿನಾರು, ನಡುವೆ ತಾವರೆ ಎಸಳುಗಳ ಸಾಲಿನ ಒಳಗಿಂದ ಎದ್ದ ಗುಮ್ಮಟ. ಒಳಗೆ ಹೋದರೆ ಕಲ್ಲಿನ ಜಾಲಂದ್ರದಿಂದ ಬಿದ್ದ ಬಿಸಿಲು ನೆಲದ ಮೇಲೆ ರಂಗೋಲಿ ಹಾಕಿರುತ್ತದೆ. ಅಲ್ಲಿ ಕಾಣುವ ಎರಡು ಗೋರಿ ಬರೀ ತೋರಿಕೆಗೆ. ನಿಜವಾದವು ಕೆಳಗೆ ನೆಲಮಾಳಿಗೆಯಲ್ಲಿವೆ. ಒಂದರಲ್ಲಿ ಖಾನಜ್ಜನ ಹೆಂಡತಿ ಜೀನತ್ ಬೇಗಂ ಮಲಗಿದ್ದಾಳೆ. ಪಕ್ಕದ್ದು ಖಾಲಿ. ಬೇಸಿಗೆಯ ಮಧ್ಯಾಹ್ನ ಖಾನಜ್ಜ ಅದರೊಳಗೆ ಚಾಪೆ ಹಾಸಿಕೊಂಡು ನಿದ್ದೆ ಹೊಡೆಯುತ್ತಾನೆ, ಅಲ್ಲಿ ತಂಪು ಎಂದು.

ನನ್ನ ಕಾಲಕ್ಕೆ ಉಳಿದದ್ದು ಒಂದೇ ಕಲ್ಲು, ತುದಿಯ ಕಳಸ. ಅದನ್ನು ನನ್ನಪ್ಪ ಕಾಳಿಂಗಪ್ಪ ಕೆತ್ತಿ ಕಟ್ಟೆಯ ಮೇಲೆ ಇಟ್ಟಿದ್ದ. ಪ್ರತಿವರ್ಷ ಯುಗಾದಿಯ ಮರುದಿನ ಅದನ್ನು ಮೇಲಕ್ಕೆ ಒಯ್ಯುವ ಬದಲು ಒಂದಿಷ್ಟು ಉಜ್ಜಿ ನುಣುಪು ಮಾಡಿ ಅಲ್ಲೇ ಬಿಡುತ್ತಿದ್ದೆವು. ಅದೇ ಆ ವರ್ಷದ ಕೆಲಸ. ಅಪ್ಪ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು ಹೇಳಿದ: “ಹದಿಮೂರು ತಲಿ ನಮ್ಮವರು ಈ ಕಲ್ಲಿಗೆ ಬೆವರು ಸುರಿಸಿ ಹ್ವಾದ್ರು ಮೋನಾ. ಒಬ್ಬರ ಕೈಯಾಗರ ಒಂದು ಕೆಲಸ ಪೂರಾ ಆಗಲಿಲ್ಲ. ಗೌಂಡಿ ಅಂತ ಹೇಳ್ಕೊಳ್ಳಾಕ ನಾಚಿಕಿ ಬರ್ತೈತಿ.” ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ಜೀವಮಾನದಲ್ಲಿ ಒಂದು ಸಲ, ಒಂದೇ ಒಂದು ಸಲ, ಗಾರೆ ಮೆತ್ತುವ ಕರಣಿ ತೊಳೆದಿಟ್ಟು ‘ಮುಗೀತು’ ಎನ್ನಬೇಕು ಎಂಬ ಆಸೆ. ಆದರೆ ಹಾಗೆ ಎಂದರೆ ಹೋಗುವವನು ಯಾರು? ನನ್ನ ತೊಟ್ಟಿಲು ತೂಗಿದವನು, ತೋಟದ ಬಾವಿಯಲ್ಲಿ ನನಗೆ ಈಜು ಕಲಿಸಿದವನು. ನನ್ನ ಗಂಡ ತೀರಿಕೊಂಡಾಗ ಮೂರು ದಿನ ನಮ್ಮ ಜಗಲಿಯ ಮೇಲೆ ಸುಮ್ಮನೆ ಕೂತಿದ್ದವನು. ಆಸೆಯನ್ನು ನುಂಗಿಕೊಂಡು ಕಳಸ ಉಜ್ಜುತ್ತ ಬಂದೆ.

ನನಗೆ ಅರವತ್ತೊಂದು ತುಂಬಿದ ವರ್ಷ, ಯುಗಾದಿಯ ಮರುದಿನ, ಹಾಗೆಯೇ ಉಜ್ಜುತ್ತಿದ್ದೆ. ಖಾನಜ್ಜ ಹೊರಸಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದ.

“ಬಲಗೈ ಯಾಕ ನಡಗಾಕತ್ತೈತಿ?” ಎಂದ.

“ಚಾ ಕುಡದಿಲ್ಲ ಅಜ್ಜಾ, ಅದಕ್ಕ.”

“ನನ್ನ ಕಿವಿ ಮ್ಯಾಲ ಹೂ ಇಡಬ್ಯಾಡ. ನಿನ್ನ ಮುತ್ಯಾನ ಮುತ್ಯಾನ ಕೈ ನಡಗಿದ್ದೂ ನೋಡೀನಿ. ಎರಡು ವರ್ಷದಾಗ ಉಳಿ ಹಿಡಿಯಾಕ ಆಗಂಗಿಲ್ಲ ನಿನಗ.” ಕಳಸದ ಕಡೆ ಕೋಲು ತೋರಿಸಿ, “ನಿನಗ ಮಕ್ಕಳಿಲ್ಲ ಮೋನಾ. ನಿನ್ನ ಕೈ ನಿಂತ ಮ್ಯಾಲ ಈ ಕಲ್ಲು ಏರ್ಸವ್ರು ಯಾರು? ನೀ ಹೋಗ್ತಿ, ಹಾಜ್ರಾ ಹೋಗ್ತಾಳ, ಒಂದು ದಿನ ಊರೂ ಹೋಗ್ತೈತಿ. ಗುಮ್ಮಟ ಬಿದ್ದು ಮಣ್ಣಾದ್ರೂ ಆ ಮಣ್ಣಿನ ಮ್ಯಾಲ ನಾ ಒಬ್ಬನ ಕುಂತಿರಬೇಕೇನು? ನಂಗ ಸಾಯಾಕ ಅಂಜಿಕಿ ಇಲ್ಲ. ಹಂಗ ಕುಂದ್ರಾಕ ಅಂಜಿಕಿ ಆಗ್ತೈತಿ,” ಎಂದ.

ಐದುನೂರು ವರ್ಷದ ಮನುಷ್ಯ ಅಂಜಿಕೆ ಎಂಬ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ಉಜ್ಜುಗಲ್ಲು ಕೆಳಗಿಟ್ಟೆ. ಇಷ್ಟು ವರ್ಷ ನುಂಗಿಕೊಂಡಿದ್ದ ನನ್ನ ಆಸೆ, ಅವನ ಬಾಯಿಂದ ಹೊರಗೆ ಬಂದಾಗ, ಬೇಡವೇ ಬೇಡ ಎನಿಸಿತು. ಆದರೆ ಅವನು ಹೇಳಿದ್ದು ಖರೆ. ಮಳೆಗಾಲ ಹಿಡಿಯುವುದರೊಳಗೆ, ಕಾರಹುಣ್ಣಿಮೆಗೆ, ಕಳಸ ಏರಿಸುವುದು ಎಂದು ನಾವಿಬ್ಬರೂ ಅಲ್ಲೇ ಮಾತಾಡಿಕೊಂಡೆವು.

ಹಾಜ್ರಾ ಕೇಳಿದ ಕೂಡಲೇ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ನನ್ನ ಮನೆಗೆ ಬಂದಳು. “ನಿನ್ನ ಕೈಗೆ ಹುಳಾ ಬೀಳಲಿ! ಕಲ್ಲು ಕಡದು ಕಡದು ಎದಿನೂ ಕಲ್ಲಾತೇನ ನಿಂದು? ಆ ಮುದುಕ ಏನೋ ಅಂದಾ ಅಂತ ಈಕಿ ಕರಣಿ ಹಿಡಕೊಂಡು ಹೊಂಟಾಳ!” ನಾನೂ ಸುಮ್ಮನಿರುವವಳಲ್ಲ. “ನಾ ಸತ್ತ ಮ್ಯಾಲ ನೀ ಏರಸ್ತೀಯೇನು? ರೊಟ್ಟಿ ಬಡದಷ್ಟು ಹಗೂರ ಅಲ್ಲ ಅದು” ಎಂದೆ. ಅವಳು ಹೊಸ್ತಿಲ ಮೇಲೆ ಕೂತು ಗೊಳೋ ಎಂದು ಅತ್ತಳು. ಆಮೇಲೆ ಎರಡೂವರೆ ತಿಂಗಳು ನನ್ನ ಕೂಡ ಮಾತು ಬಿಟ್ಟಳು.

ಊರವರೂ ಮೊದಲು ಕೂಗಾಡಿದರು, ಆಮೇಲೆ ಒಬ್ಬೊಬ್ಬರೇ ಖಾನಜ್ಜನ ಹೊರಸಿನ ಹತ್ತಿರ ಹೋಗಿ ಬಂದು ಮೆತ್ತಗಾದರು. ಅವನು ಮಾತ್ರ ಮದುವೆಗೆ ಹೊರಟವನ ಹಾಗೆ ಓಡಾಡುತ್ತಿದ್ದ. ಬಿಳಿ ಅಂಗಿ ಹೊಲಿಸಿಕೊಂಡ, ಅತ್ತರು ತರಿಸಿದ. ಮನೆಮನೆಗೆ ಹೋಗಿ ಕಡ ತಂದದ್ದನ್ನೆಲ್ಲ ಹಿಂದಿರುಗಿಸಿದ. ಪೋಸ್ಟ್ ಮಾಸ್ತರರ ಮನೆಗೆ ಅವರ ಮುತ್ತಜ್ಜನ ಕೊಡೆ ಹೋಯಿತು, ಅದರ ಕಡ್ಡಿಗಳು ಮಾತ್ರ ಉಳಿದಿದ್ದವು. ನಮ್ಮ ಮನೆಗೆ ಯಾವ ಕಾಲದ್ದೋ ಒಂದು ಒರಳಗಲ್ಲು ಉರುಳಿಸಿಕೊಂಡು ಬಂದ. ಯಾರ ಕೈಯಿಂದ ತಂದಿದ್ದ ಎಂದು ಅವನಿಗೆ ನೆನಪಿತ್ತು, ನಮಗೆ ಯಾರಿಗೂ ಇರಲಿಲ್ಲ.

ನಾನು ಸುಣ್ಣ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಕೂಡಿಸಿ ಒಂದು ತಿಂಗಳು ಗಾರೆ ಅರೆದೆ. ಬೆಣ್ಣೆಯಂಥ ಗಾರೆ. ನೆತ್ತಿಯವರೆಗೆ ಹತ್ತಲು ಬಿದಿರಿನ ಸಾರವೆ ಕಟ್ಟಿಸಿದೆ. ಕಾರಹುಣ್ಣಿಮೆಯ ದಿನ ಬೆಳಗ್ಗೆ ಖಾನಜ್ಜ ಮಿಂದು, ಅತ್ತರು ಪೂಸಿಕೊಂಡು, ಎಲ್ಲರಿಗೂ ಕೈಮುಗಿದು ನೆಲಮಾಳಿಗೆಗೆ ಇಳಿದ. “ಚಂದ ಕುಂದರಸು, ಸೊಟ್ಟ ಆಗಬಾರದು” ಎಂದಷ್ಟೇ ನನಗೆ ಹೇಳಿದ. ಎಂಟು ಜನ ಹಗ್ಗ ಎಳೆದರು. ನಾನು ಗುಮ್ಮಟದ ನೆತ್ತಿಯ ಮೇಲೆ ಕೂತು ಗಾರೆ ಹಾಸಿ, ಕಳಸ ಕೂರಿಸಿ, ನಾಲ್ಕೂ ಕಡೆ ತೂಗುಗುಂಡು ಬಿಟ್ಟು ನೋಡಿದೆ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಆ ದಿನ ನನ್ನ ಕೈ ಒಂದು ಸಲವೂ ನಡುಗಲಿಲ್ಲ. ಕರಣಿ ತೊಳೆದೆ. ಕೆಳಗೆ ಇಡೀ ಊರು ಮುಖ ಮೇಲೆತ್ತಿ ನಿಂತಿತ್ತು. ಬಾಯಿ ತೆರೆದೆ, “ಹೆಚ್ಚಿ—” ಎಂದೇ ಬಂತು. ಅರವತ್ತು ವರ್ಷದ ಅಭ್ಯಾಸ. ತಿದ್ದಿಕೊಂಡೆ. “ಮುಗೀತು,” ಎಂದೆ.

ಹೇಳಿದ ಮೇಲೆ ನನಗೆ ಸಂತೋಷವಾಗಲಿಲ್ಲ. ಸಾರವೆ ಇಳಿದು ಬಂದೆ. ಹಾಜ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಒಂದು ತಾಸು ಹಾಗೇ ನಿಂತೆವು. ಯಾರು ಕೆಳಗೆ ಹೋಗಿ ನೋಡಬೇಕು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ನೆಲಮಾಳಿಗೆಯಿಂದ ದೊಡ್ಡದಾಗಿ ಒಂದು ಸೀನು ಬಂತು. ಅದರ ಹಿಂದೆಯೇ ಒಂದು ಕೂಗು: “ಹಾಜ್ರಾ! ನನ್ನ ಚಾ ಎಲ್ಲೈತಿ?”

ಊರು ಹುಚ್ಚೆದ್ದು ಕುಣಿಯಿತು. ಹಗ್ಗ ಎಳೆದವರು ಒಬ್ಬರ ಮೇಲೊಬ್ಬರು ಬಿದ್ದರು. ಹಾಜ್ರಾ ನನ್ನನ್ನು ಅಪ್ಪಿಕೊಂಡು, ಬಿಟ್ಟಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿದಳು. ನನಗೂ ಕಣ್ಣು ತುಂಬಿತು, ಮನಸ್ಸು ಹಗುರಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಅವನು ಬದುಕಿದ್ದಾನೆ ಎಂದರೆ ನನ್ನ ಕೆಲಸದಲ್ಲಿ ಏನೋ ಬಾಕಿ ಇದೆ ಎಂದಲ್ಲವೇ! ಖಾನಜ್ಜನೂ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವನು ನನ್ನ ಮೇಲೇ ಏರಿ ಬಂದ.

“ಏನ್ ಉಳಿಸೀಯೇ ಖೋಡಿ? ಸತ್ತವರಂಗ ಒಂದು ತಾಸು ಮಲಗೀನಿ, ಬೆನ್ನು ಹಿಡದೈತಿ!”

“ನಾ ಏನೂ ಉಳಿಸಿಲ್ಲ. ನನ್ನ ಕೆಲಸಕ್ಕ ಹೆಸರಿಟ್ರ ಛಲೋ ಇರಂಗಿಲ್ಲ ನೋಡು ಅಜ್ಜಾ!”

“ಹಂಗಾರ ಹುಡುಕು.”

ಮರುದಿನದಿಂದ ಹುಡುಕಿದೆವು. ನಾನು ಮುಂದೆ, ಅವನು ಕೋಲೂರಿಕೊಂಡು ಹಿಂದೆ. ಮೂರನೆಯ ದಿನ ಸಿಕ್ಕಿತು. ಕಲ್ಲಿನ ಸರಪಳಿಯ ಕಟ್ಟಕಡೆಯ ಕೊಂಡಿ ಬಿಡಿಸಿರಲಿಲ್ಲ. ಕಣ್ಣಿಗೆ ಕೊಂಡಿಯ ಹಾಗೆಯೇ ಕಾಣುತ್ತಿತ್ತು, ಬೆರಳು ಹಾಕಿದರೆ ಮೇಲಿನದಕ್ಕೆ ಅಂಟಿಕೊಂಡಿತ್ತು. ಅದರ ಮಗ್ಗುಲಲ್ಲಿ ಜೋಳದ ಕಾಳಿನಷ್ಟು ದೊಡ್ಡ ಮೀನಿನ ಗುರುತು. ನಮ್ಮ ಮನೆಯ ಚೀಲದಲ್ಲಿ ಹದಿಮೂರು ಹಳೆಯ ಉಳಿಗಳಿವೆ, ಹಿರಿಯರದು ಒಂದೊಂದು. ಒಂದೊಂದರ ಮೇಲೂ ಅವರವರ ಗುರುತು. ಮೀನು ಭರಮಪ್ಪನದು.

“ಭರಮ್ಯಾ!” ಖಾನಜ್ಜ ಬಾಯಿ ತೆರೆದುಕೊಂಡು ನಿಂತ. “ಇವ ದಿನಾ ನನ್ನ ಕೂಡ ಜಗಳಾಡ್ತಿದ್ದ. ಯಾವಾಗ ಸಾಯ್ತೀಯೋ ಮಾರಾಯಾ, ನಾ ಊರಿಗೆ ಹೋಗಬೇಕು ಅಂತಿದ್ದ.” ಆ ಕೊಂಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಸವರಿದ.

ಆಮೇಲೆ ಏನು ಹುಡುಕಬೇಕು ಎಂದು ನನಗೆ ಗೊತ್ತಾಯಿತು. ತಾವರೆಯ ಸಾಲಿನಲ್ಲಿ, ಪಡುವಣ ದಿಕ್ಕಿಗೆ, ಒಂದು ಎಸಳಿಗೆ ಗೆರೆಗಳಿರಲಿಲ್ಲ. ಅಲ್ಲಿ ಚೇಳಿನ ಗುರುತು. ಒಂದು ಜಾಲಂದ್ರದಲ್ಲಿ ನೂರಾರು ನಕ್ಷತ್ರಗಳ ನಡುವೆ ಒಂದಕ್ಕೆ ತೂತು ಬಿದ್ದಿರಲಿಲ್ಲ. ಬಡಗಣ ಮಿನಾರಿನ ಒಳಗೆ ಒಂದು ಮೆಟ್ಟಿಲು ಅರ್ಧ ಗೇಣು ಗಿಡ್ಡ. ಐವತ್ತು ವರ್ಷದಿಂದ ನಾನು ಅಲ್ಲೇ ಎಡವುತ್ತಿದ್ದೆ, ನನ್ನ ಕಾಲಿಗೇ ಬೈದುಕೊಳ್ಳುತ್ತಿದ್ದೆ! ತೋಟದ ಕಾರಂಜಿಯ ಮಣ್ಣಿನ ಕೊಳವೆಯಲ್ಲಿ ಯಾರೋ ಒಬ್ಬ ಅಜ್ಜ ಗಾರೆಯ ಬಿರಡೆ ಜಡಿದಿದ್ದ. ಒಬ್ಬರ ಬಾಕಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮಗ ಅಪ್ಪನಿಂದ ಮುಚ್ಚಿಟ್ಟಿದ್ದ, ಅಪ್ಪ ಮಗನಿಂದ. ಮೊದಲು ಗೊಣಗಿದವಳು ಆಮೇಲೆ ನಗಲು ಶುರುಮಾಡಿದೆ. ಖಾನಜ್ಜ ಒಂದೊಂದು ಗುರುತು ಸಿಕ್ಕಾಗಲೂ ಒಬ್ಬೊಬ್ಬರ ಕಥೆ ಹೇಳುತ್ತಿದ್ದ. ಯಾರು ಕುಳ್ಳ, ಯಾರು ಕೋಪಿಷ್ಠ, ಯಾರಿಗೆ ಶೇಂಗಾ ಹೋಳಿಗೆ ಎಂದರೆ ಜೀವ. ಸತ್ತುಹೋದ ನನ್ನ ಬಳಗವೆಲ್ಲ ಆ ಮಳೆಗಾಲ ನನ್ನ ಮನೆಗೆ ಬಂದು ಹೋಯಿತು.

ಹನ್ನೆರಡು ಸಿಕ್ಕವು. ಅಪ್ಪನದು ಇರಲಾರದು ಎಂದುಕೊಂಡಿದ್ದೆ. ನಾಚಿಕೆ ಬರುತ್ತದೆ ಎಂದು ಕೈ ಹಿಡಿದು ಹೇಳಿದವನಲ್ಲವೇ? ಅದು ನೆಲಮಾಳಿಗೆಯಲ್ಲಿ ಸಿಕ್ಕಿತು. ಖಾಲಿ ಗೋರಿಯ ತಲೆದೆಸೆಗೆ ದೀಪದ ಗೂಡಿದೆ. ಅದರ ಸುತ್ತ ಅಪ್ಪ ಮಲ್ಲಿಗೆಯ ಬಳ್ಳಿ ಕೆತ್ತಿದ್ದ. ಒಂದು ಹೂವಿಗೆ ನಾಲ್ಕೇ ಎಸಳು. ಬೆರಳಾಡಿಸಿ ನೋಡಿದೆ. ಕೆತ್ತದೆ ಬಿಟ್ಟದ್ದಲ್ಲ. ಐದನೆಯ ಎಸಳನ್ನು ಪೂರ್ತಿ ಕೆತ್ತಿ, ಆಮೇಲೆ ಉಳಿಯಿಂದ ತಾನೇ ತೆಗೆದಿದ್ದ. ಅಂದರೆ ನನ್ನಪ್ಪನ ಕೆಲಸ ಒಮ್ಮೆ ಪೂರ್ತಿಯಾಗಿತ್ತು. ಅದರ ಸಂತೋಷವನ್ನು ಒಂದು ಗಳಿಗೆಯೋ ಒಂದು ದಿನವೋ ಇಟ್ಟುಕೊಂಡು, ಯಾರಿಗೂ ಹೇಳದೆ ವಾಪಸು ಕೊಟ್ಟಿದ್ದ. ನಾನು ಆ ಗೂಡಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಖಾನಜ್ಜ ನನ್ನ ತಲೆ ಸವರುತ್ತ, “ಕಾಳಿಂಗಾ, ಕಾಳಿಂಗಾ” ಎನ್ನುತ್ತಿದ್ದ.

ಮತ್ತೆ ಯುಗಾದಿ ಬರುವ ಹೊತ್ತಿಗೆ ಹದಿಮೂರನ್ನೂ ಪೂರೈಸಿದೆ. ಹಿರಿಯರ ಉಳಿಗಳಿಂದಲೇ, ಅವರವರದಕ್ಕೆ ಅವರವರ ಉಳಿ. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು ಅಪ್ಪನ ಐದನೆಯ ಎಸಳು ಕೂರಿಸಿದೆ. ಹದಿಮೂರು ಸಲ ಮುಗೀತು ಎಂದೆ. ಈ ಸಲ ನಿಜವಾಗಿಯೂ ಸಂತೋಷವಾಯಿತು, ಹೊಟ್ಟೆ ತುಂಬ ಉಂಡ ಹಾಗೆ. ಖಾನಜ್ಜ ಮತ್ತೆ ಬಿಳಿ ಅಂಗಿ ತೊಟ್ಟು ಕೆಳಗೆ ಹೋಗಿ ಮಲಗಿದ. ಹಾಜ್ರಾ ಈ ಬಾರಿ ಜಾಣಳಾಗಿ ಚಹಾಕ್ಕೆ ನೀರು ಇಟ್ಟೇ ಇಟ್ಟಿದ್ದಳು. ನೀರು ಕುದಿಯುವುದರೊಳಗೆ ಅವನು ಎದ್ದು ಬಂದ.

“ನಿಂದು ಎಲ್ಲಿಟ್ಟೀ? ಹೇಳಿಬಿಡು,” ಎಂದ.

“ನಂದು ಇಲ್ಲಜ್ಜಾ. ಅಪ್ಪನ ಆಣಿ. ನಾ ಎಲ್ಲಾ ಮುಗಿಸೀನಿ.”

ಅದು ಖರೆಯೇ ಆಗಿತ್ತು. ಇಬ್ಬರೂ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತೆವು. ಚಹಾ ತಂದ ಹಾಜ್ರಾ ತೋಟದ ಕಡೆ ಮುಖ ಮಾಡಿ ನಿಂತು ನಿಧಾನವಾಗಿ ಹೇಳಿದಳು: “ಗೌಂಡಿಗಳ ಕೆಲಸ ಆತು. ಗುಮ್ಮಟ ಅಂದ್ರ ಬರೇ ಕಲ್ಲೇನು? ತೋಟಾನೂ ಗುಮ್ಮಟಕ್ಕ ಸೇರಿದ್ದ ಹೌದಲ್ಲ? ನಾಕು ಮಡಿ ಐತಿ. ಒಂದರಾಗ ದಾಳಿಂಬ್ರಿ, ಒಂದರಾಗ ಅಂಜೂರ, ಒಂದರಾಗ ನಿಂಬಿ. ನಾಕನೇದು ನಾ ಹುಟ್ಟಿದಾಗಿಂದ ಬೀಳು ಬಿದ್ದೈತಿ. ನಾ ಅದರಾಗ ಮೆಣಸಿನಕಾಯಿ ಒಣಸ್ತೀನಿ. ಅದು ಯಾರ ಪಾಲಿಂದು?”

ಖಾನಜ್ಜ ಚಹಾದ ಬಟ್ಟಲು ಬಾಯಿಗಿಟ್ಟವನು ಅಲ್ಲೇ ತಡೆದ. ನಾನು ಅವನ ಮುಖ ನೋಡಿದೆ. ಸಿಕ್ಕಿಬಿದ್ದ ಕಳ್ಳನ ಮುಖ.

“ಅದು ಬೇಗಂ ಹೇಳಿದ್ಲು,” ಎಂದ ಕೊನೆಗೆ. “ತೋಟದ ನಕ್ಷಾ ಎಲ್ಲಾ ಆಕಿದ. ಹೋಗೂಮುಂದ ನನ್ನ ಕರದು, ನಾಕನೇ ಮಡ್ಯಾಗ ನಿಮ್ಮ ಕೈಯಿಂದ ಮಾವಿನ ಗಿಡ ಹಚ್ರಿ, ಹಣ್ಣು ಸಿಹಿ ಬಂದಾಗ ತೋಟ ಪೂರಾ ಆತು ಅಂತ ತಿಳೀರಿ, ರುಚಿ ಹೆಂಗಿತ್ತು ಅಂತ ಬಂದು ಹೇಳ್ರಿ ಅಂದ್ಲು. ನಾಳೆ ಹಚ್ತೀನಿ, ನಾಳೆ ಹಚ್ತೀನಿ ಅಂತ...”

“ಎಷ್ಟು ದಿನದಿಂದ?”

“ಐದುನೂರು ವರ್ಷ ಆತು.”

“ಖೋಡಿ ನಾನಲ್ಲ, ನೀನು!” ಎಂದು ಕೂಗಿಬಿಟ್ಟೆ. “ಹದಿನಾಕು ತಲಿ ನಮ್ಮನ್ನ ಕಲ್ಲು ಹೊರಿಸಿ, ನೀನ ಬೀಗದ ಕೈ ಸೊಂಟದಾಗ ಇಟ್ಕೊಂಡು ಕುಂತೀಯಲ್ಲೋ!” ಅವನು ಗಡ್ಡ ಕೆರೆದುಕೊಂಡ. “ಏನ್ ಮಾಡ್ಲಿ ಮೋನಾ. ನಾನೂ ಇದ ಊರಾವ ಅಲ್ಲೇನು?” ಎಂದ. ಮೂವರೂ ಪಕ್ಕೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ನನಗೆ ಹೊಳೆಯಿತು, ಇನ್ನು ಅವನು ಯಾರ ಕೈಯನ್ನೂ ಕಾಯಬೇಕಾಗಿಲ್ಲ. ನಾನು ಹೋದರೂ, ಊರು ಹೋದರೂ, ಒಂದು ಗಿಡ ಹಚ್ಚಿ ಹಣ್ಣು ತಿನ್ನುವುದು ಅವನಿಗೆ ಬಿಟ್ಟದ್ದು. ಅವನಿಗೂ ಅದೇ ಹೊಳೆದಿರಬೇಕು. ಹಿಂದಿನ ಯುಗಾದಿಗೆ ಹೇಳಿದ ಅಂಜಿಕೆ ಮತ್ತೆ ಅವನ ಮುಖದಲ್ಲಿ ಕಾಣಲಿಲ್ಲ.

ಆ ಬೇಸಿಗೆಯಲ್ಲಿ ಹಾಜ್ರಾ ತಿಂದು ಬಿಸಾಡಿದ ಮಾವಿನ ಗೊಪ್ಪವನ್ನು ಖಾನಜ್ಜ ತನ್ನ ಕೈಯಿಂದ ನಾಲ್ಕನೆಯ ಮಡಿಯಲ್ಲಿ ಊರಿದ. ನೀರು ಹಾಕಲು ನನಗೂ ಬಿಡಲಿಲ್ಲ. ಬೇಲಿ ಕಟ್ಟಿದ, ಮೇಕೆಗಳ ಕೂಡ ಜಗಳಾಡಿದ. ನನ್ನ ಕೈ ಪೂರ್ತಿ ಸೋತಿತು. ಉಳಿ ಕರಣಿ ಎಲ್ಲ ತೊಳೆದು, ಎಣ್ಣೆ ಹಚ್ಚಿ, ಚೀಲ ಕಟ್ಟಿಟ್ಟೆ. ಅದರ ಬಗ್ಗೆ ನನಗೆ ದುಃಖವಿಲ್ಲ. ಮುಗಿಸಿದವಳಿಗೆ ಎಂಥ ದುಃಖ? ಮಧ್ಯಾಹ್ನ ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ, ಕಳಸದ ನೆರಳು ಹುಲ್ಲಿನ ಮೇಲೆ ನೆಟ್ಟಗೆ ಬೀಳುವುದನ್ನು ನೋಡುತ್ತೇನೆ. ಎಂಟು ವರ್ಷ ಹೀಗೆ ಹೋದವು.

ಈ ವರ್ಷ ಗಿಡ ಹೂ ಬಿಟ್ಟಿತು. ಗಾಳಿಗೆ ಎಲ್ಲ ಉದುರಿ ಒಂದೇ ಒಂದು ಕಾಯಿ ನಿಂತಿತು. ಹಾಜ್ರಾ ಗಿಣಿಗಳ ಕಣ್ಣು ತಪ್ಪಿಸಲು ಅದಕ್ಕೆ ಹಳೆಯ ಕುಪ್ಪಸದ ಚೂರು ಕಟ್ಟಿದಳು. ಊರಿನಲ್ಲಿ ಬೇರೆ ಮಾತೇ ಇರಲಿಲ್ಲ, ಆದರೆ ಗಟ್ಟಿಯಾಗಿ ಯಾರೂ ಆಡಲಿಲ್ಲ. ಕಾರಹುಣ್ಣಿಮೆಗೆ ಎರಡು ದಿನ ಇದ್ದಾಗ ಹಣ್ಣು ತಾನಾಗಿ ಕೈಗೆ ಬಂತು. ಖಾನಜ್ಜ ನನ್ನನ್ನು ಕರೆಸಿದ. ಎಂಟು ವರ್ಷ ಪೆಟ್ಟಿಗೆಯಲ್ಲಿದ್ದ ಬಿಳಿ ಅಂಗಿ ತೊಟ್ಟುಕೊಂಡು, ಅತ್ತರು ಹಚ್ಚಿಕೊಂಡು ಹೊರಸಿನ ಮೇಲೆ ಕೂತಿದ್ದ. ಹಾಜ್ರಾ ಕಂಬ ಹಿಡಿದು ನಿಂತಿದ್ದಳು.

ಅವನು ಹಣ್ಣು ಕೊಯ್ದ. ಒಳಗೆ ಕೇಸರಿ ಬಣ್ಣ. “ಮೊದಲು ಗೌಂಡಿ ತಿನ್ನಲಿ,” ಎಂದು ಒಂದು ಹೋಳು ನನ್ನ ನಡುಗುವ ಕೈಯಲ್ಲಿಟ್ಟ.

ತಿಂದೆ. ಎಪ್ಪತ್ತು ವರ್ಷದಲ್ಲಿ ಅಂಥ ಹಣ್ಣು ನಾನು ತಿಂದಿಲ್ಲ. ಕಲ್ಲುಸಕ್ಕರೆ ಕರಗಿಸಿ ಬಾಯಿಗೆ ಸುರಿದ ಹಾಗಿತ್ತು.

“ಹೆಂಗೈತಿ?” ಎಂದ ಖಾನಜ್ಜ.

ನಾನು ಮುಖ ಕಿವಿಚಿದೆ. “ಹುಳಿ ಐತಜ್ಜಾ,” ಎಂದೆ.

ಅವನು ನನ್ನನ್ನೇ ನೋಡಿದ. ಹದಿಮೂರು ಗುರುತುಗಳನ್ನು ನೋಡಿದಾಗಿನ ಅದೇ ಕಣ್ಣು. ಆಮೇಲೆ ತನ್ನ ಹೋಳನ್ನು ಬಾಯಿಗಿಟ್ಟುಕೊಂಡ. ನಿಧಾನವಾಗಿ, ಕಣ್ಣುಮುಚ್ಚಿ ತಿಂದ. ರಸ ಮೊಣಕೈಗೆ ಇಳಿದದ್ದನ್ನೂ ಬಿಡದೆ ನೆಕ್ಕಿದ. ಸಿಪ್ಪೆಯನ್ನು ಹಲ್ಲಿನಿಂದ ಕೆರೆದ.

“ಹೌದ ಬೇ,” ಎಂದ. “ಭಾಳ ಹುಳಿ.”

ಹಾಜ್ರಾ ಗೊಪ್ಪ ಇಸಿದುಕೊಂಡು ಒಮ್ಮೆ ಚೀಪಿದಳು. ಅವಳ ಕಣ್ಣಲ್ಲಿ ಬುಳುಬುಳು ನೀರು ಬಂತು. “ಅಯ್ಯ, ಹುಣಸಿಹಣ್ಣು ಇದರಕಿಂತ ಛಲೋ,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಚಹಾಕ್ಕೆ ನೀರಿಡಲು ಹೋದಳು.

ಖಾನಜ್ಜ ಕೋಲೂರಿಕೊಂಡು ನೆಲಮಾಳಿಗೆಯ ಮೆಟ್ಟಿಲು ಇಳಿದ. ನಾನು ಕಟ್ಟೆಯ ಮೇಲೆ ಕೂತು ಬೆರಳು ಚೀಪುತ್ತಿದ್ದೆ. ಕೆಳಗಿನಿಂದ ಅವನ ದನಿ ಕೇಳಿಸಿತು, ಹೆಂಡತಿಯ ಹತ್ತಿರ ಮಾತಾಡುವ ಮೆತ್ತನೆಯ ದನಿ: “ಈ ವರ್ಷ ಹುಳಿ ಬಂತು ಬೇಗಂ. ಗೌಂಡಿನ ಹೇಳ್ಯಾಳ. ಮುಂದಿನ ವರ್ಷ ನೋಡೋಣ.”